ಬಿದ್ದವನನ್ನು ಎತ್ತುವವನಿಗೆ ಶಾಸನದ ಅಭಯ

ಕಳೆದ ಮಳೆಗಾಲದ ಒಂದು ಸಂಜೆ ನಮ್ಮ ಶಾಲೆಗೆ ಅನತಿದೂರದಲ್ಲಿರುವ ಹೆದ್ದಾರಿಯ ತಿರುವಿನಲ್ಲಿ ಸ್ಕೂಟರ್ ಸವಾರನೊಬ್ಬನು ಜಾರಿ ಬಿದ್ದನು. ಶಾಲೆ ಬಿಟ್ಟು ಬಸ್ಸಿಗಾಗಿ ಕಾದು ನಿಂತಿದ್ದ ಮಕ್ಕಳೂ ಅಂಗಡಿಗಳಿಂದ ಹೊರಬಂದ ಹಿರಿಯರೂ ಸುತ್ತ ನೆರೆದರು. ಸವಾರನ ಕಾಲಿನಿಂದ ರಕ್ತ ಹರಿಯುತ್ತಿತ್ತು. ಅಯ್ಯೋ ಎಂದವರು ಅನೇಕರು. ಕೈ ನೀಡಿದವರು ಯಾರೂ ಇಲ್ಲ. ನಾವು ಅಲ್ಲಿಗೆ ಹೋಗಿ ಆಟೋರಿಕ್ಷಾ ಒಂದನ್ನು ನಿಲ್ಲಿಸಿ, ಗಾಯಾಳುವನ್ನು ಎತ್ತುವುದಕ್ಕೆ ಮೇಲ್ತರಗತಿಯ ಹುಡುಗನೊಬ್ಬನನ್ನು ಕರೆದೆವು. ಅವನು ಒಂದು ಹೆಜ್ಜೆ ಹಿಂದಕ್ಕೆ ಸರಿದು, “ಮಾಸ್ಟ್ರೇ, ಮುಟ್ಟಿದರೆ ಕೇಸು ನಮ್ಮ ಮೇಲೆ ಬರುವುದಿಲ್ಲವೇ?” ಎಂದು ಕೇಳಿದನು.

ಗಾಯಾಳು ಬದುಕಿಕೊಂಡನು. ಆದರೆ ಹುಡುಗನ ಆ ಪ್ರಶ್ನೆಯು ನಮ್ಮ ಮನಸ್ಸಿನಲ್ಲಿ ಉಳಿದುಬಿಟ್ಟಿತು. ಅವನು ಕಠಿಣಹೃದಯನಲ್ಲ. ಮನೆಯಲ್ಲಿ ಹಿರಿಯರು ಆಡುವ ಮಾತನ್ನೇ ಅವನು ಆಡಿದ್ದನು. “ದಾರಿಯಲ್ಲಿ ಏನಾದರೂ ಕಂಡರೆ ನಿಲ್ಲಬೇಡ, ಠಾಣೆ ಕೋರ್ಟು ಎಂದು ಅಲೆಯಬೇಕಾದೀತು” ಎಂಬ ಬುದ್ಧಿವಾದವನ್ನು ಕೇಳದ ಮಕ್ಕಳು ನಮ್ಮ ಸೀಮೆಯಲ್ಲಿ ವಿರಳ. ಈ ಭಯಕ್ಕೆ ಒಂದು ಕಾಲದಲ್ಲಿ ಕಾರಣವಿತ್ತು. ಇಂದು ಕಾನೂನಿನಲ್ಲಿ ಆ ಕಾರಣ ಉಳಿದಿಲ್ಲ. ಅದು ಹೇಗೆ ನೀಗಿತು, ಒಂದು ರಾಜ್ಯದ ಮಸೂದೆ ಅದರಲ್ಲಿ ಯಾವ ಪಾತ್ರ ವಹಿಸಿತು, ಗಡಿಯ ಈಚೆಗಿರುವ ನಮಗೆ ಅದರಿಂದ ದೊರೆತುದೇನು ಎಂಬುದನ್ನು ವಿದ್ಯಾರ್ಥಿಗಳಿಗೂ ಅವರ ತಂದೆತಾಯಿಗಳಿಗೂ ತಿಳಿಯಹೇಳುವುದೇ ಈ ಲೇಖನದ ಉದ್ದೇಶ.

ಒಂದು ಗಂಟೆಯ ಬೆಲೆ

ಭಾರತದ ರಸ್ತೆಗಳಲ್ಲಿ 2022ನೆಯ ಇಸವಿಯೊಂದರಲ್ಲೇ 4,61,312 ಅಪಘಾತಗಳು ಸಂಭವಿಸಿ 1,68,491 ಮಂದಿ ಮಡಿದರೆಂದು ಕೇಂದ್ರ ಸರಕಾರದ ವರದಿ ಹೇಳುತ್ತದೆ. ಲೆಕ್ಕ ಹಾಕಿದರೆ ಪ್ರತಿದಿನ ಸುಮಾರು 460 ಮಂದಿ. ಎಂದರೆ ನಮ್ಮಂಥ ಒಂದು ಶಾಲೆಯ ಮಕ್ಕಳೆಲ್ಲರೂ ಸೇರಿದಷ್ಟು ಜನರು ಒಂದೊಂದು ದಿನದಲ್ಲಿ ಇಲ್ಲವಾಗುತ್ತಾರೆ.

ಇವರೆಲ್ಲರೂ ಬಿದ್ದ ಕ್ಷಣದಲ್ಲೇ ಪ್ರಾಣ ಬಿಟ್ಟವರಲ್ಲ. ಭಾರತದ ಕಾನೂನು ಆಯೋಗವು 2006ರಲ್ಲಿ ಸಲ್ಲಿಸಿದ ತನ್ನ 201ನೆಯ ವರದಿಯಲ್ಲಿ ಈ ವಿಷಯವನ್ನು ಪರಿಶೀಲಿಸಿ, ಗಾಯಗೊಂಡವರನ್ನು ಮೊದಲ ಒಂದು ಗಂಟೆಯೊಳಗೆ ಆಸ್ಪತ್ರೆಗೆ ಸೇರಿಸಿದಲ್ಲಿ ಸಾಯುವವರಲ್ಲಿ ಅರ್ಧದಷ್ಟು ಮಂದಿಯನ್ನಾದರೂ ಉಳಿಸಬಹುದೆಂದು ಅಭಿಪ್ರಾಯಪಟ್ಟಿತು. ವೈದ್ಯರು ಈ ಮೊದಲ ಗಂಟೆಯನ್ನು ‘ಸುವರ್ಣ ಘಳಿಗೆ’ ಎನ್ನುತ್ತಾರೆ. ರಕ್ತ ಸೋರುವುದು, ಉಸಿರು ಕಟ್ಟುವುದು, ಆಘಾತದಿಂದ ದೇಹ ತಣ್ಣಗಾಗುವುದು – ಇವು ಆ ಗಂಟೆಯಲ್ಲೇ ಮನುಷ್ಯನನ್ನು ಒಯ್ಯುತ್ತವೆ. ಆ ಹೊತ್ತಿನಲ್ಲಿ ಗಾಯಾಳುವಿನ ಬಳಿ ಇರುವವರು ವೈದ್ಯರೂ ಅಲ್ಲ, ಬಂಧುಗಳೂ ಅಲ್ಲ, ದಾರಿಹೋಕರು. ಆದಕಾರಣ ಅವನ ಆಯುಷ್ಯವು ಯಾರೋ ಅಪರಿಚಿತರ ಕೈಯಲ್ಲಿದೆ ಎಂದರೆ ಉತ್ಪ್ರೇಕ್ಷೆಯಲ್ಲ.

ಆದರೆ ಆ ಅಪರಿಚಿತನು ಹಿಂಜರಿಯುತ್ತಿದ್ದನು. ರಸ್ತೆ ಸುರಕ್ಷತೆಗಾಗಿ ದುಡಿಯುವ ಸೇವ್‌ಲೈಫ್ ಪ್ರತಿಷ್ಠಾನವು 2013ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ನೂರಕ್ಕೆ 74 ಮಂದಿ ತಾವು ಸಹಾಯಕ್ಕೆ ಮುಂದಾಗುವುದು ಸಂಶಯವೆಂದರು. ಅವರಲ್ಲಿ ನೂರಕ್ಕೆ 88 ಮಂದಿ ಹೇಳಿದ ಕಾರಣವು ಪೊಲೀಸರ ತನಿಖೆ, ಮತ್ತೆ ಮತ್ತೆ ಬರುವ ಕರೆ, ನ್ಯಾಯಾಲಯದ ಅಲೆದಾಟ – ಇವುಗಳ ಭಯ. ಕರುಣೆಯ ಕೊರತೆಗಿಂತ ಕಾನೂನಿನ ಅಂಜಿಕೆಯೇ ಹೆಚ್ಚು ಕೈಗಳನ್ನು ಕಟ್ಟಿಹಾಕಿತ್ತೆಂಬುದು ಇದರಿಂದ ವಿದಿತವಾಗುತ್ತದೆ.

ನ್ಯಾಯಾಲಯ ತೋರಿದ ದಾರಿ

ಕಟ್ಟು ಸಡಿಲವಾಗತೊಡಗಿದ್ದು 1989ರಲ್ಲಿ. ಕಾರು ಬಡಿದು ಗಾಯಗೊಂಡ ಸ್ಕೂಟರ್ ಸವಾರನೊಬ್ಬನನ್ನು ಹತ್ತಿರದ ಆಸ್ಪತ್ರೆಗೆ ಒಯ್ಯಲಾಯಿತು. “ಇದು ಪೊಲೀಸು ಮೊಕದ್ದಮೆಗೆ ಸಂಬಂಧಪಟ್ಟ ಗಾಯ, ನಾವು ನೋಡಲಾಗದು” ಎಂದು ಅಲ್ಲಿಂದ ಇಪ್ಪತ್ತು ಕಿಲೋಮೀಟರು ದೂರದ ಇನ್ನೊಂದು ಆಸ್ಪತ್ರೆಗೆ ಕಳುಹಿಸಿದರು. ದಾರಿಯಲ್ಲೇ ಅವನು ತೀರಿಕೊಂಡನು. ಈ ಸುದ್ದಿಯನ್ನು ವರ್ತಮಾನಪತ್ರಿಕೆಯಲ್ಲಿ ಓದಿದ ಪರಮಾನಂದ ಕಟಾರಾ ಎಂಬವರು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಸರಕಾರಿ ವೈದ್ಯನಿರಲಿ ಖಾಸಗಿ ವೈದ್ಯನಿರಲಿ, ಪ್ರಾಣ ಉಳಿಸುವುದು ಅವನ ಮೊದಲ ಕರ್ತವ್ಯ. ಕಾನೂನಿನ ವಿಧಿವಿಧಾನಗಳು ಅದಕ್ಕೆ ಅಡ್ಡಬರಲಾಗದು ಎಂದು ನ್ಯಾಯಾಲಯ ಸಾರಿತು. ವೈದ್ಯನ ಕರ್ತವ್ಯ ಹೀಗೆ ಖಚಿತವಾಯಿತು. ಆದರೆ ಗಾಯಾಳುವನ್ನು ವೈದ್ಯನ ಬಾಗಿಲಿಗೆ ತರುವವನ ಗತಿಯೇನು?

ಆ ಪ್ರಶ್ನೆಯನ್ನು ಎತ್ತಿದವರು ಸೇವ್‌ಲೈಫ್ ಪ್ರತಿಷ್ಠಾನದ ಸ್ಥಾಪಕರಾದ ಪಿಯೂಷ್ ತಿವಾರಿಯವರು. ಶಾಲೆಯಿಂದ ಮನೆಗೆ ಮರಳುತ್ತಿದ್ದ ಅವರ ಸೋದರಸಂಬಂಧಿಯೊಬ್ಬನು 2007ರಲ್ಲಿ ವಾಹನ ಬಡಿದು, ನೋಡುವವರು ನೋಡುತ್ತಿದ್ದಂತೆಯೇ ರಸ್ತೆಬದಿಯಲ್ಲಿ ಪ್ರಾಣ ಬಿಟ್ಟಿದ್ದನು. ಪ್ರತಿಷ್ಠಾನವು 2012ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಅರ್ಜಿ ಸಲ್ಲಿಸಿತು. ತತ್ಫಲವಾಗಿ ಕೇಂದ್ರ ಸರಕಾರವು 2015ರ ಮೇ 12ರಂದು ಮಾರ್ಗಸೂಚಿಗಳನ್ನೂ, 2016ರ ಜನವರಿ 21ರಂದು ಪೊಲೀಸರು ನಡೆದುಕೊಳ್ಳಬೇಕಾದ ಕ್ರಮವನ್ನೂ ಪ್ರಕಟಿಸಿತು. ಶಾಸನದ ಬಲವಿಲ್ಲದ ಬರಿಯ ಸೂಚನೆಗಳನ್ನು ಜಾರಿಗೊಳಿಸುವುದು ಕಷ್ಟವೆಂದು ಸರಕಾರವೇ ಅರಿಕೆಮಾಡಿಕೊಂಡಿತು. ಅದನ್ನು ಮನಗಂಡ ನ್ಯಾಯಾಲಯವು 2016ರ ಮಾರ್ಚ್ 30ರಂದು ಅವುಗಳನ್ನು ಅನುಮೋದಿಸಿ, ಎಲ್ಲ ರಾಜ್ಯಗಳೂ ಪಾಲಿಸತಕ್ಕದ್ದೆಂದು ಆಜ್ಞೆ ಮಾಡಿತು.

ಒಂದು ರಾಜ್ಯದ ಮಸೂದೆ

ಅದೇ 2016ರಲ್ಲಿ ಕರ್ನಾಟಕದ ವಿಧಾನಮಂಡಲವು ಒಂದು ಮಸೂದೆಯನ್ನು ಅಂಗೀಕರಿಸಿತು. ಅಪಘಾತದಲ್ಲಿ ನೆರವಾಗುವವರನ್ನೂ ಚಿಕಿತ್ಸೆ ನೀಡುವ ವೈದ್ಯರನ್ನೂ ರಕ್ಷಿಸುವುದು ಅದರ ಉದ್ದೇಶ. ನೆರವಾಗುವವನಿಗೆ ಇಂಗ್ಲಿಷರ ಕಾನೂನು ಭಾಷೆಯಲ್ಲಿ ‘ಗುಡ್ ಸಮಾರಿಟನ್’ ಎಂದು ಹೆಸರು. ಕಳ್ಳರ ಕೈಗೆ ಸಿಕ್ಕಿ ಗಾಯಗೊಂಡು ಬಿದ್ದವನನ್ನು ತನ್ನವರೇ ಕಂಡೂ ಕಾಣದಂತೆ ಹೋದಾಗ ಪರಕೀಯನಾದ ಸಮಾರ್ಯದವನೊಬ್ಬನು ಉಪಚರಿಸಿದನೆಂಬ ಬೈಬಲ್ ಕಥೆಯಿಂದ ಬಂದ ಮಾತು ಅದು. ನಾವು ಅವನನ್ನು ‘ಪರೋಪಕಾರಿ’ ಎಂದೇ ಕರೆಯೋಣ.

ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದ ಪರೋಪಕಾರಿಯು ಕೂಡಲೇ ಹೊರಟುಹೋಗಬಹುದು. ಸರಕಾರಿ ಆಸ್ಪತ್ರೆಯಾಗಲಿ ಖಾಸಗಿ ಆಸ್ಪತ್ರೆಯಾಗಲಿ ಪ್ರಥಮಚಿಕಿತ್ಸೆಯನ್ನು ನಿರಾಕರಿಸುವಂತಿಲ್ಲ. ಠಾಣೆಗೂ ನ್ಯಾಯಾಲಯಕ್ಕೂ ಪರೋಪಕಾರಿಯನ್ನು ಪದೇ ಪದೇ ಕರೆಯಿಸಕೂಡದು. ಹೋಗಲೇಬೇಕಾಗಿ ಬಂದಲ್ಲಿ ಅವನ ವೆಚ್ಚವನ್ನು ಒಂದು ನಿಧಿಯಿಂದ ಭರಿಸತಕ್ಕದ್ದು – ಇವು ಆ ಮಸೂದೆಯ ಸಾರ. ವಿಧಾನಮಂಡಲ ಒಪ್ಪಿದರೂ ಅದು ಕೂಡಲೇ ಶಾಸನವಾಗಲಿಲ್ಲ. ರಾಷ್ಟ್ರಪತಿಗಳ ಅಂಕಿತ ದೊರೆತುದು 2018ರಲ್ಲಿ. ಪರೋಪಕಾರಿಗೆ ಶಾಸನದ ರಕ್ಷಣೆಯಿತ್ತ ಮೊದಲ ರಾಜ್ಯವೆಂಬ ಹೆಸರು ಆಗ ಕರ್ನಾಟಕಕ್ಕೆ ಬಂದಿತು.

ಎರಡು ವರ್ಷ ಕಾಯಬೇಕಾಯಿತೇಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಪೌರನೀತಿಯ ಪಾಠದಲ್ಲಿ ನೀವು ಓದುವ ಸಂವಿಧಾನದ ಏಳನೆಯ ಅನುಸೂಚಿಯೇ ಅದಕ್ಕೆ ಉತ್ತರ. ಒಂದು ಅವಿಭಕ್ತ ಕುಟುಂಬವನ್ನು ಊಹಿಸಿಕೊಳ್ಳಿರಿ. ಕೆಲವು ವ್ಯವಹಾರಗಳು ಹಿರಿಯಣ್ಣನವು, ಕೆಲವು ತಮ್ಮನವು, ಇನ್ನು ಕೆಲವನ್ನು ಇಬ್ಬರೂ ನೋಡಿಕೊಳ್ಳಬಹುದು. ಹಾಗೆಯೇ ರಾಷ್ಟ್ರೀಯ ಹೆದ್ದಾರಿಗಳು ಕೇಂದ್ರದ ಪಟ್ಟಿಯಲ್ಲಿವೆ. ಪೊಲೀಸು, ಸಾರ್ವಜನಿಕ ಆರೋಗ್ಯ, ಊರ ರಸ್ತೆಗಳು ರಾಜ್ಯದ ಪಟ್ಟಿಯಲ್ಲಿವೆ. ಮೋಟಾರು ವಾಹನಗಳು, ಅಪರಾಧ ಕಾನೂನು, ಅದರ ವಿಚಾರಣೆಯ ಕ್ರಮ – ಇವು ಇಬ್ಬರಿಗೂ ಸೇರಿದ ಸಮವರ್ತಿ ಪಟ್ಟಿಯಲ್ಲಿವೆ. ಈ ಮೂರನೆಯ ಪಟ್ಟಿಯ ವಿಷಯದಲ್ಲಿ ಕೇಂದ್ರದ ಕಾನೂನಿಗೂ ರಾಜ್ಯದ ಕಾನೂನಿಗೂ ವಿರೋಧ ಬಂದರೆ ಕೇಂದ್ರದ್ದೇ ನಿಲ್ಲುತ್ತದೆ. ಆದರೆ ರಾಜ್ಯದ ಮಸೂದೆಯನ್ನು ರಾಷ್ಟ್ರಪತಿಗಳ ಪರಿಶೀಲನೆಗೆ ಕಾದಿರಿಸಿ ಅವರ ಒಪ್ಪಿಗೆ ಪಡೆದರೆ, ಆ ರಾಜ್ಯದ ಮಟ್ಟಿಗೆ ರಾಜ್ಯದ ಶಾಸನವೇ ನಡೆಯುತ್ತದೆ. ಸಂವಿಧಾನದ 254ನೆಯ ವಿಧಿಯ ತಾತ್ಪರ್ಯವಿದು. ಸಾಕ್ಷಿಯ ವಿಚಾರಣೆಯ ಕ್ರಮವನ್ನೇ ಮುಟ್ಟುವ ಮಸೂದೆಗೆ ಆ ಒಪ್ಪಿಗೆ ಬೇಕಾಯಿತು.

‘ಆ ರಾಜ್ಯದ ಮಟ್ಟಿಗೆ’ ಎಂಬ ಮಾತನ್ನು ನಾವು ಗಡಿಯವರು ವಿಶೇಷವಾಗಿ ಗಮನಿಸಬೇಕು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಬೆಂಗಳೂರಿನಲ್ಲಿ ಆದ ಶಾಸನವು ತಲಪಾಡಿಯವರೆಗೆ ಬಂದು ನಿಲ್ಲುತ್ತದೆ. ಆದರೆ ನಮ್ಮ ಜೀವನ ಅಲ್ಲಿ ನಿಲ್ಲುವುದಿಲ್ಲ. ಮಂಜೇಶ್ವರ, ಉಪ್ಪಳ, ಕುಂಬಳೆಗಳ ಜನರು ಓದಿಗೂ ವ್ಯಾಪಾರಕ್ಕೂ ದೊಡ್ಡ ಚಿಕಿತ್ಸೆಗೂ ಮಂಗಳೂರಿಗೆ ಹೋಗುತ್ತಾರೆ. ಒಂದೇ ಹೆದ್ದಾರಿ, ಒಂದೇ ಪಯಣ. ತಲಪಾಡಿಯ ಆಚೆ ಬಿದ್ದವನನ್ನು ಎತ್ತಿದರೆ ಅಭಯ, ಈಚೆ ಬಿದ್ದವನನ್ನು ಎತ್ತಿದರೆ ಸಂಶಯ ಎಂದಾದರೆ ಅದು ನ್ಯಾಯವೇ?

ಗಡಿ ದಾಟಿ ಬಂದ ಅಭಯ

ಈ ಕೊರತೆಯನ್ನು ನೀಗಿಸಿದ್ದು ಸಂಸತ್ತು. 1988ರ ಮೋಟಾರು ವಾಹನಗಳ ಕಾಯಿದೆಗೆ 2019ರಲ್ಲಿ ತಿದ್ದುಪಡಿ ಮಾಡಿ 134-ಎ ಎಂಬ ಹೊಸ ಕಲಮನ್ನು ಸೇರಿಸಲಾಯಿತು. ಪ್ರತಿಫಲದ ಆಸೆಯಿಲ್ಲದೆ, ಸದ್ಭಾವನೆಯಿಂದ, ಸ್ವಇಚ್ಛೆಯಿಂದ ಗಾಯಾಳುವಿಗೆ ನೆರವಾದವನೇ ಪರೋಪಕಾರಿ. ಅವನು ನೆರವು ನೀಡುವಾಗ ಏನಾದರೂ ತಪ್ಪಿ, ಗಾಯಾಳುವಿಗೆ ಹೆಚ್ಚಿನ ನೋವಾದರೂ ಮರಣವೇ ಸಂಭವಿಸಿದರೂ, ಅದಕ್ಕಾಗಿ ಅವನ ಮೇಲೆ ಸಿವಿಲ್ ದಾವೆಯಾಗಲಿ ಕ್ರಿಮಿನಲ್ ಮೊಕದ್ದಮೆಯಾಗಲಿ ನಡೆಯತಕ್ಕದ್ದಲ್ಲ. ಇದು ಭಾರತದ ಶಾಸನ. ತಲಪಾಡಿಯ ಎರಡೂ ಕಡೆ ಒಂದೇ.

2020ರ ಸೆಪ್ಟೆಂಬರಿನಲ್ಲಿ ಹೊರಬಂದ ನಿಯಮಗಳು ಇದನ್ನು ಇನ್ನಷ್ಟು ವಿಶದಪಡಿಸಿದವು. ಜಾತಿ, ಮತ, ರಾಷ್ಟ್ರೀಯತೆ, ಲಿಂಗ ಎಂಬ ಭೇದವಿಲ್ಲದೆ ಪರೋಪಕಾರಿಯನ್ನು ಗೌರವದಿಂದ ಕಾಣಬೇಕು. ಹೆಸರು, ವಿಳಾಸ, ಗುರುತು ಹೇಳೆಂದು ಅವನನ್ನು ಯಾರೂ ಒತ್ತಾಯಿಸುವಂತಿಲ್ಲ. ಹೇಳುವುದು ಅವನ ಇಷ್ಟ. ಸಾಕ್ಷಿಯಾಗಲು ತಾನಾಗಿ ಒಪ್ಪಿದರೆ ಅವನ ಹೇಳಿಕೆಯನ್ನು ಅವನಿಗೆ ಅನುಕೂಲವಾದ ಸ್ಥಳದಲ್ಲಿ, ಅನುಕೂಲವಾದ ಹೊತ್ತಿನಲ್ಲಿ, ಒಂದೇ ಸಲದಲ್ಲಿ ಪಡೆಯಬೇಕು. ಈ ಹಕ್ಕುಗಳ ಪಟ್ಟಿಯನ್ನು ಪ್ರತಿಯೊಂದು ಆಸ್ಪತ್ರೆಯೂ ಹಿಂದಿ, ಇಂಗ್ಲಿಷ್ ಹಾಗೂ ಸ್ಥಳೀಯ ಭಾಷೆಯಲ್ಲಿ ಎದ್ದುಕಾಣುವ ಸ್ಥಳದಲ್ಲಿ ತೂಗುಹಾಕಬೇಕು.

ಇಲ್ಲಿ ನಮಗೆ ಅತ್ಯಂತ ಪ್ರಯೋಜನವಾಗುವ ಒಂದು ಮಾತಿದೆ. ನಮ್ಮ ಮನೆಗಳ ಅನೇಕ ಹಿರಿಯರು ಕನ್ನಡ, ತುಳು, ಹವ್ಯಕ, ಕೊಂಕಣಿಗಳನ್ನು ನುಡಿಯಬಲ್ಲರು. ಮಲಯಾಳದಲ್ಲಿ ಬರೆದ ಹೇಳಿಕೆಯನ್ನು ಓದಿ ರುಜು ಹಾಕುವ ಶಕ್ತಿ ಎಲ್ಲರಿಗೂ ಇಲ್ಲ. ಠಾಣೆಯ ಭಯದಲ್ಲಿ ಭಾಷೆಯ ಭಯವೂ ಸೇರಿಕೊಂಡಿದೆಯೆಂಬುದು ಗಡಿನಾಡಿನವರಿಗೆ ಅನುಭವಸಿದ್ಧ. ಸರ್ವೋಚ್ಚ ನ್ಯಾಯಾಲಯ ಅನುಮೋದಿಸಿದ 2016ರ ಕ್ರಮದಲ್ಲಿ ಇದಕ್ಕೂ ಪರಿಹಾರವಿದೆ: ತನಿಖಾಧಿಕಾರಿಯ ಭಾಷೆಯನ್ನಾಗಲಿ ಆ ಪ್ರದೇಶದ ಭಾಷೆಯನ್ನಾಗಲಿ ಪರೋಪಕಾರಿಯು ಆಡಲಾರದವನಾದರೆ, ದುಭಾಷಿಯನ್ನು ಒದಗಿಸುವುದು ಅಧಿಕಾರಿಯ ಕರ್ತವ್ಯ. ಆದುದರಿಂದ “ನನಗೆ ತಿಳಿಯುವ ಭಾಷೆಯಲ್ಲಿ ಕೇಳಿರಿ” ಎನ್ನುವುದು ಉದ್ಧಟತನವಲ್ಲ, ಹಕ್ಕು.

ಇನ್ನೊಂದು ಅನುಕೂಲವು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಿಂದ ದೊರೆತಿದೆ. ಅದರ 173ನೆಯ ಕಲಮಿನಂತೆ, ಸಂಜ್ಞೇಯ ಅಪರಾಧವೊಂದರ ದೂರನ್ನು ಅದು ನಡೆದ ಸ್ಥಳ ಯಾವ ಠಾಣೆಯ ವ್ಯಾಪ್ತಿಗೆ ಸೇರಿದೆಯೆಂದು ನೋಡದೆ ದಾಖಲಿಸಿಕೊಳ್ಳಬೇಕು. “ಇದು ನಮ್ಮ ಸರಹದ್ದಲ್ಲ, ಆಚೆಯ ರಾಜ್ಯದ ಠಾಣೆಗೆ ಹೋಗಿ” ಎಂದು ಹಿಂದೆ ಕಳುಹಿಸುವುದಕ್ಕೆ ಅವಕಾಶವಿಲ್ಲ. ಗಡಿಯ ಮೇಲೆ ಬದುಕುವವರಿಗೆ ಇದರ ಬೆಲೆ ಎಷ್ಟೆಂದು ವಿವರಿಸಬೇಕಾಗಿಲ್ಲ.

ನಿಲ್ಲುವವನೂ ಓಡುವವನೂ

ಶಾಸನವು ನೆರವಾಗುವವನಿಗೆ ಅಭಯ ನೀಡುವಂತೆಯೇ ತಪ್ಪಿತಸ್ಥನಿಗೆ ದಂಡವನ್ನೂ ವಿಧಿಸುತ್ತದೆ. ಅಪಘಾತ ಮಾಡಿದ ಚಾಲಕನು ಗಾಯಾಳುವಿಗೆ ಚಿಕಿತ್ಸೆ ದೊರೆಯುವಂತೆ ನೋಡಿಕೊಳ್ಳಬೇಕು; ಪೊಲೀಸರಿಗೆ ತಿಳಿಸಬೇಕು. ಅಜಾಗರೂಕತೆಯಿಂದ ಮರಣವುಂಟುಮಾಡಿದವನಿಗೆ ಹಿಂದಿನ ದಂಡಸಂಹಿತೆಯಲ್ಲಿ ಎರಡು ವರ್ಷದವರೆಗೆ ಸೆರೆವಾಸವಿತ್ತು. ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮು ಅದನ್ನು ಐದು ವರ್ಷಕ್ಕೆ ಏರಿಸಿದೆ. ಮರಣವುಂಟುಮಾಡಿ, ತಿಳಿಸದೆ ಓಡಿಹೋದವನಿಗೆ ಹತ್ತು ವರ್ಷದವರೆಗೆ ಸೆರೆವಾಸವೆಂಬ ಉಪಕಲಮೂ ಅದರಲ್ಲಿತ್ತು. ನಿಂತರೆ ಜನ ಹೊಡೆದು ಕೊಲ್ಲುತ್ತಾರೆ, ಓಡಿದರೆ ಹತ್ತು ವರ್ಷ, ಎಂದು ಲಾರಿ ಚಾಲಕರು 2024ರ ಜನವರಿಯಲ್ಲಿ ಮುಷ್ಕರ ಹೂಡಿದರು. ಆ ವರ್ಷದ ಜುಲೈ 1ರಂದು ಸಂಹಿತೆಯು ಜಾರಿಗೆ ಬಂದಾಗ ಆ ಉಪಕಲಮೊಂದನ್ನು ತಡೆಹಿಡಿಯಲಾಯಿತು. ಚಾಲಕರ ಮಾತಿನಲ್ಲಿಯೂ ನಾವು ಕಲಿಯಬೇಕಾದ ಪಾಠವಿದೆ. ಗುಂಪುಗೂಡಿ ಚಾಲಕನನ್ನು ಥಳಿಸುವುದು ನ್ಯಾಯವಲ್ಲ, ಅಪರಾಧ. ಆ ಕೈಗಳು ಗಾಯಾಳುವನ್ನು ಎತ್ತುವುದಕ್ಕೆ ಬೇಕು.

ತಂದೆತಾಯಿಗಳಿಗೆ ಒಂದು ಮಾತು. ದಂಡದ ಈ ಕಲಮುಗಳಲ್ಲಿ ನಿಮ್ಮನ್ನೇ ಕುರಿತ ಒಂದಿದೆ. 199-ಎ ಎಂಬ ಆ ಕಲಮಿನಂತೆ, ಅಪ್ರಾಪ್ತವಯಸ್ಸಿನ ಮಗುವು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕನಾಗಲಿ ವಾಹನದ ಒಡೆಯನಾಗಲಿ ಮೂರು ವರ್ಷದವರೆಗಿನ ಸೆರೆವಾಸಕ್ಕೂ ರೂ. 25,000 ದಂಡಕ್ಕೂ ಗುರಿಯಾಗುತ್ತಾನೆ. ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದಾಗುತ್ತದೆ. ಮಗುವಿಗೆ 25 ವರ್ಷ ತುಂಬುವವರೆಗೆ ಪರವಾನಗಿ ಸಿಗದು. “ಅಂಗಡಿಗೆ ಹೋಗಿ ಬಾ” ಎಂದು ಹತ್ತನೆಯ ತರಗತಿಯ ಹುಡುಗನ ಕೈಗೆ ಸ್ಕೂಟರಿನ ಕೀಲಿಕೈ ಕೊಡುವವರು ಇದನ್ನು ನೆನಪಿನಲ್ಲಿಡಬೇಕು. ಹೆಲ್ಮೆಟ್ ಇಲ್ಲದ ಸವಾರನಿಗೆ 2019ರ ತಿದ್ದುಪಡಿಯು ರೂ. 1,000 ದಂಡ ವಿಧಿಸಿತು. ರಾಜಿಯಾಗಿ ಕಟ್ಟುವ ಮೊತ್ತವನ್ನು ನಿಗದಿಮಾಡುವ ಅಧಿಕಾರ ರಾಜ್ಯಗಳಿಗಿರುವುದರಿಂದ ಕರ್ನಾಟಕವೂ ಕೇರಳವೂ ಅದೇ ವರ್ಷ ಅದನ್ನು ರೂ. 500ಕ್ಕೆ ಇಳಿಸಿದವು. ದಂಡವನ್ನು ಇಳಿಸುವುದು ಸರಕಾರಕ್ಕೆ ಸಾಧ್ಯ. ಬಿದ್ದ ತಲೆಗೆ ಆಗುವ ಪೆಟ್ಟನ್ನು ಇಳಿಸುವುದು ಹೆಲ್ಮೆಟಿಗೆ ಮಾತ್ರ ಸಾಧ್ಯ.

ನಾವು ಮಾಡಬೇಕಾದುದು

ಚಿಕಿತ್ಸೆಗೆ ಹಣವಿಲ್ಲವೆಂಬ ಚಿಂತೆಗೂ ಈಗ ಒಂದು ದಾರಿಯಾಗಿದೆ. 2025ರ ಮೇ ತಿಂಗಳಲ್ಲಿ ಕೇಂದ್ರ ಸರಕಾರವು ಪ್ರಕಟಿಸಿದ ಯೋಜನೆಯಂತೆ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಗಾಯಾಳುವಿಗೆ ಏಳು ದಿನಗಳವರೆಗೆ ರೂ. 1.5 ಲಕ್ಷದ ಮಿತಿಯೊಳಗೆ ಹಣ ಕಟ್ಟದೆ ಚಿಕಿತ್ಸೆ ಪಡೆಯುವ ಅವಕಾಶವಿದೆ. ಸುವರ್ಣ ಘಳಿಗೆಯೊಳಗೆ ಗಾಯಾಳುವನ್ನು ಆಸ್ಪತ್ರೆಗೆ ತಲಪಿಸಿ ಪ್ರಾಣ ಉಳಿಸಿದವರಿಗೆ 2021ರಲ್ಲಿ ರೂ. 5,000 ಬಹುಮಾನವನ್ನು ಸಾರಲಾಗಿತ್ತು. 2025ರಲ್ಲಿ ಅದನ್ನು ರೂ. 25,000ಕ್ಕೆ ಹೆಚ್ಚಿಸಲಾಯಿತು. ಬಹುಮಾನಕ್ಕಾಗಿ ಕೈ ನೀಡಬೇಕೆಂದು ನಾವು ಹೇಳುತ್ತಿಲ್ಲ. ಕೈ ನೀಡಿದವನನ್ನು ಸರಕಾರವು ಸಂಶಯದಿಂದಲ್ಲ, ಗೌರವದಿಂದ ಕಾಣುತ್ತದೆಂಬುದಕ್ಕೆ ಅದು ಸಾಕ್ಷಿ.

ಇಷ್ಟೆಲ್ಲ ಇದ್ದರೂ ಕಾನೂನನ್ನು ಬಲ್ಲವರು ಎಷ್ಟು ಮಂದಿ? ಅದೇ ಪ್ರತಿಷ್ಠಾನವು 2018ರಲ್ಲಿ ಮತ್ತೆ ವಿಚಾರಿಸಿದಾಗ ನೂರಕ್ಕೆ 84 ಮಂದಿಗೆ ಈ ರಕ್ಷಣೆಯ ವಿಷಯವೇ ತಿಳಿದಿರಲಿಲ್ಲ. ಶಾಸನಗ್ರಂಥದಲ್ಲಿರುವ ಅಭಯವು ದಾರಿಯಲ್ಲಿ ನಿಂತವನ ಮನಸ್ಸಿಗೆ ತಲಪದಿದ್ದರೆ ಅದು ಇದ್ದೂ ಇಲ್ಲದಂತೆ.

ಆದಕಾರಣ ವಿದ್ಯಾರ್ಥಿಗಳೇ, ಈ ಕೆಲವು ಮಾತುಗಳನ್ನು ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳಿರಿ. ಅಪಘಾತ ಕಂಡೊಡನೆ 112ಕ್ಕಾಗಲಿ 108ಕ್ಕಾಗಲಿ ದೂರವಾಣಿ ಮಾಡಿ, ಸ್ಥಳವನ್ನು ಸ್ಪಷ್ಟವಾಗಿ ತಿಳಿಸಬೇಕು. ಮೊದಲು ನಿಮ್ಮ ಸುರಕ್ಷತೆ. ಓಡುವ ವಾಹನಗಳ ನಡುವೆ ನುಗ್ಗದೆ ಹಿರಿಯರನ್ನು ಕೂಗಿ ಕರೆಯಬೇಕು. ಗುಂಪುಗೂಡದೆ ಗಾಳಿಗೆ ಎಡೆಮಾಡಿಕೊಡಬೇಕು. ರಕ್ತ ಸುರಿಯುವ ಗಾಯವನ್ನು ಶುಭ್ರವಾದ ಬಟ್ಟೆಯಿಂದ ಒತ್ತಿ ಹಿಡಿಯಬೇಕು. ಎಚ್ಚರ ತಪ್ಪಿದವನ ಬಾಯಿಗೆ ನೀರು ಹೊಯ್ಯಬಾರದು. ಕುತ್ತಿಗೆಯನ್ನೂ ಬೆನ್ನನ್ನೂ ಬಾಗಿಸದಂತೆ, ಇಬ್ಬರು ಮೂವರು ಸೇರಿ ಎತ್ತಬೇಕು. ಆಂಬುಲೆನ್ಸ್ ಬೇಗ ಬರುವಂತಿದ್ದರೆ ಅದಕ್ಕಾಗಿ ಕಾಯುವುದೇ ಲೇಸು.

ಪೋಷಕಮಹಾಶಯರಲ್ಲಿ ನಮ್ಮ ಬಿನ್ನಹ ಇಷ್ಟೇ. “ನಿಲ್ಲಬೇಡ” ಎಂಬ ಹಳೆಯ ಬುದ್ಧಿವಾದವನ್ನು ಇನ್ನು ಕೈಬಿಡಿರಿ. ಇಂದು ನಿಮ್ಮ ಮಗನು ಕಂಡೂ ಕಾಣದಂತೆ ಹೋದ ರಸ್ತೆಯಲ್ಲೇ ನಾಳೆ ಅವನು ಶಾಲೆಗೆ ಬರಬೇಕು. ಅವನು ಬಿದ್ದರೆ ಅವನನ್ನು ಎತ್ತುವವನು ಇನ್ನೊಬ್ಬರ ಮನೆಯ ಮಗ. ಆ ಮಗನಿಗೂ ಅವನ ಮನೆಯಲ್ಲಿ ಯಾರಾದರೂ “ನಿಲ್ಲು, ಭಯವಿಲ್ಲ” ಎಂದು ಹೇಳಿರಬೇಕು.

ಅಂದು ಹಿಂದೆ ಸರಿದ ಹುಡುಗನಿಗೆ ನಾವು ಮರುದಿನ ಈ ಕಾನೂನನ್ನು ವಿವರಿಸಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದನ್ನು ಮನೆಯಲ್ಲಿ ಅಜ್ಜನಿಗೆ ಹೇಳುತ್ತೇನೆ ಮಾಸ್ಟ್ರೇ” ಎಂದನು. ಈ ಸಂಚಿಕೆಯನ್ನು ಓದಿದ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯಲ್ಲಿ ಒಬ್ಬರಿಗಾದರೂ ಹೇಳಿದರೆ ನಮ್ಮ ಬರವಣಿಗೆ ಸಾರ್ಥಕವಾದಂತೆ.